ಚಿಲಕವಿಲ್ಲದ ಕೋಣೆ

ಸಂತೆ ಮೈದಾನದ ಹಿಂದಿನ ಶೌಚಾಲಯದ ಬಾಗಿಲುಗಳಲ್ಲಿ, ಚಿಲಕ ಇರಬೇಕಾದ ಜಾಗದಲ್ಲಿ ಬರೀ ತೂತುಗಳಿದ್ದವು. ಕಿತ್ತವಳು ದರ್ಜಿ ದೇವೀರಮ್ಮ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಿಂದ ಒಂದೊಂದನ್ನೇ ಬಿಚ್ಚಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಪುರಸಭೆ ಅಧ್ಯಕ್ಷರ ಮೇಜಿನ ಮೇಲೆ ಸುರಿದಿದ್ದಳು.

ಅಂಥದೊಂದು ಬಾಗಿಲಿನ ಹಿಂದೆ ಅವಳ ಮಗಳು ರಂಜನಿ ಮಾದಕದ್ರವ್ಯ ಚುಚ್ಚಿಕೊಂಡು ಸತ್ತಿದ್ದಳು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಹೊರಗೆ ಕಾಯುತ್ತಿದ್ದ ಗೆಳೆಯ ಸುಧೀರ ಬಾಗಿಲು ಬಡಿದು, ಉತ್ತರ ಬಾರದಿದ್ದಾಗ ಓಡಿಹೋಗಿದ್ದ. ಬಾಗಿಲು ಒಡೆದು ಆಸ್ಪತ್ರೆಗೆ ತರುವಷ್ಟರಲ್ಲಿ ಅವಳ ಉಗುರುಗಳು ನೀಲಿಯಾಗಿದ್ದವು. ಅಂದು ಅಲ್ಲಿ ನರ್ಸ್ ಆಗಿದ್ದವಳು ನಾನು.

"ಆಗಲೇ ಯಾರಾದ್ರೂ ನೋಡಿದ್ರೆ ಉಳೀತಿದ್ಲಾ ಸಿಸ್ಟರ್?" ಎಂದು ದೇವೀರಮ್ಮ ಕೇಳಿದಳು.

ನನಗೆ ಸುಳ್ಳು ಹೇಳಲಾಗಲಿಲ್ಲ. "ಉಳೀತಿದ್ಲು. ಅದಕ್ಕೆ ಔಷಧಿ ಇದೆ. ಪಕ್ಕದಲ್ಲಿ ಒಬ್ಬರಿರಬೇಕಿತ್ತು, ಅಷ್ಟೆ."

ಅಂದಿನಿಂದ ನಾವಿಬ್ಬರೂ ಕೇಳಿದ್ದು ಒಂದೇ: ಚಟ ಬಿಡಲು ಇನ್ನೂ ಆಗದವರಿಗೆ, ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಯಾರಾದರೂ ಕಣ್ಣಿಟ್ಟು ಕೂತಿರುವ ಒಂದು ಕೋಣೆ. ಮನೆಮನೆಗೆ ಹೋದೆವು. ಕೆಲವರು ಕೂರಿಸಿ ಕೇಳಿದರು; ಹಲವರು ಮುಖದ ಮೇಲೆ ಬಾಗಿಲು ಹಾಕಿದರು.

ಸಭೆಯಲ್ಲಿ ಅಧ್ಯಕ್ಷ ವಿರೂಪಾಕ್ಷಪ್ಪನವರು, "ಚಟಕ್ಕೆ ಪುರಸಭೆಯೇ ಜಾಗ ಮಾಡಿಕೊಡಬೇಕೇನಮ್ಮ? ನಾಳೆ ಜನ ನನಗೆ ಏನಂತಾರೆ?" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು.

"ಬಿಡು ಬಿಡು ಅಂತ ನಾನೂ ದಿನಾ ಬಡ್ಕೊಂಡೆ ಸ್ವಾಮಿ," ಎಂದಳು ದೇವೀರಮ್ಮ. "ಬಿಡೋದಕ್ಕೆ ಅವಳು ಬದುಕಿರಬೇಕಿತ್ತಲ್ಲ."

"ಆ ಚಿಲಕ ಮತ್ತೆ ಹಾಕಿಸ್ತೀವಿ."

"ಹಾಕ್ಸಿ. ಮತ್ತೆ ಕೀಳ್ತೀನಿ."

ಹಾಕಿಸಿದರು, ಕಿತ್ತಳು. ಪೊಲೀಸರು ಕರೆದೊಯ್ದರು, ಬಿಟ್ಟ ಕೂಡಲೇ ನೇರ ಅಲ್ಲಿಗೇ ಹೋಗಿ ಮತ್ತೆ ಕಿತ್ತಳು. ಅಷ್ಟರಲ್ಲಿ ಬಸ್ ನಿಲ್ದಾಣದ ಹಿಂದೆ ಇನ್ನೊಬ್ಬ ಹಾಗೆಯೇ ಸತ್ತ. ಕೊನೆಗೆ ವಿರೂಪಾಕ್ಷಪ್ಪನವರೇ, ಒಂದು ವರ್ಷ ನೋಡೋಣ ಎಂದು ಖಾಲಿ ಬಿದ್ದಿದ್ದ ಹಳೆಯ ಸುಂಕದ ಕಟ್ಟೆಯ ಬೀಗದ ಕೈ ಕೊಟ್ಟರು. ಮಂಚ, ಆಮ್ಲಜನಕದ ಸಿಲಿಂಡರ್, ಶುದ್ಧವಾದ ಸೂಜಿಗಳು, ನನ್ನ ಕುರ್ಚಿ. ಬಾಗಿಲಿಗೆ ದೇವೀರಮ್ಮನೇ ಪರದೆ ಹೊಲಿದಳು.

ವರ್ಷ ಕಳೆಯಿತು. ಅಲ್ಲಿ ಕುಸಿದವರಿದ್ದರು, ಸತ್ತವರಿರಲಿಲ್ಲ. ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಆದರೂ ಆ ಕೋಣೆ ಎಂದಾಗ ನನಗೆ ನೆನಪಾಗುವುದು ಶುರುವಿನ ದಿನಗಳ ಒಂದು ಮಧ್ಯಾಹ್ನ.

ಸೊರಗಿದ ಯುವಕನೊಬ್ಬ ತಲೆತಗ್ಗಿಸಿ ಬಂದ. ಚುಚ್ಚಿಕೊಂಡ ಸ್ವಲ್ಪ ಹೊತ್ತಿಗೆ ಗೋಡೆಗೊರಗಿದಂತೆಯೇ ಕೆಳಗೆ ಜಾರಿದ; ತುಟಿ ಕಪ್ಪಿಟ್ಟಿತು. ದೇವೀರಮ್ಮ ಓಡಿಬಂದು ಅವನ ಗದ್ದ ಎತ್ತಿದವಳು ಹಾಗೇ ನಿಂತುಬಿಟ್ಟಳು. ಆಗ ನಾನೂ ಗುರುತಿಸಿದೆ, ರಂಜನಿಯ ಫೋಟೊದಲ್ಲಿ ಅವಳ ಪಕ್ಕ ಕಂಡಿದ್ದ ಮುಖ. ಸುಧೀರ. ಅಂದು ಬಾಗಿಲು ಬಡಿದು ಓಡಿಹೋದವನು.

ನಾನು ಸೂಜಿ ಹಿಡಿದುಕೊಂಡೇ ಅವಳ ಮುಖ ನೋಡಿದೆ. "ಔಷಧಿ ಹಾಕಿ ಸಿಸ್ಟರ್. ಏನ್ ನೋಡ್ತಾ ಇದೀರಿ?" ಎಂದು ಅವಳು ಗದರಿಸಿ, ಉಸಿರು ಕೊಡುವ ಚೀಲವನ್ನು ಅವನ ಮುಖಕ್ಕೆ ಒತ್ತಿ ಹಿಡಿದು ಅಮುಕತೊಡಗಿದಳು. ನಾನು ಚುಚ್ಚಿದೆ. ಎದೆ ಅಲುಗಿತು. ಮತ್ತೆ ಅಲುಗಿತು.

ಕಣ್ಣು ಬಿಟ್ಟವನು ಅವಳನ್ನು ಕಂಡು ಗೋಡೆಯತ್ತ ಹೊರಳಿದ. "ಪೊಲೀಸರು ಹಿಡೀತಾರೆ ಅಂತ ಹೆದರಿದೆ, ಅಮ್ಮ."

ದೇವೀರಮ್ಮ ಎದ್ದು ಹೊರಗೆ ಹೋದಳು. ಇನ್ನು ಬರಲಾರಳು ಎಂದುಕೊಂಡೆ. ಬಂದಳು, ಮುಖ ತೊಳೆದಿದ್ದಳು, ಕೈಯಲ್ಲಿ ಚಹಾ ಇತ್ತು.

"ಒಬ್ಬನೇ ಎಲ್ಲೂ ಹೋಗಬೇಡ. ಇಲ್ಲಿಗೇ ಬಾ," ಎಂದಳು.

ಅವನಿಗೆ ಲೋಟ ಹಿಡಿಯಲಾಗಲಿಲ್ಲ. ಅವಳು ಚಹಾವನ್ನು ಬಸಿಗೆ ಬಗ್ಗಿಸಿ, ಮೆಲ್ಲನೆ ಊದಿ, ಆರಿತೇ ಎಂದು ತಾನೊಮ್ಮೆ ತುಟಿಗೆ ತಾಕಿಸಿ ನೋಡಿ, ಆಮೇಲೆ ಅವನ ಬಾಯಿಗೆ ಹಿಡಿದಳು.