ನಿಲ್ಲಿಸಲಾಗದ ದೋಣಿ

ಪೆಟೂನಿಯಾ ಹೂವಿನ ಸಸಿಗಳು ಬುಧವಾರವೇ ಮನೆಗೆ ಬಂದಿದ್ದವು. ನೇರಳೆ ಬಣ್ಣದವು ಎರಡು ಟ್ರೇ, ಬಿಳಿಯವು ಒಂದು. ಗ್ಯಾರೇಜಿನ ಬಾಗಿಲ ಪಕ್ಕದಲ್ಲಿ, ಲೋವೆಲ್ ಒಳಗೆ ಹೋಗುವಾಗಲೆಲ್ಲ ಕಾಲಿಗೆ ತಗಲುವ ಹಾಗೆ, ಅವನ ಹೆಂಡತಿ ಆರ್ಲಿಸ್ ಅವನ್ನು ಸಾಲಾಗಿ ಇಟ್ಟಿದ್ದಳು. ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ಅಮೆರಿಕದ ಮಿನಸೋಟ ರಾಜ್ಯದ ಆ ಸೀಮೆಯಲ್ಲಿ ಕೆಲಸಕ್ಕೆ ಬಾರದ ದೋಣಿಗೆ ಒದಗುವ ಗತಿ ಒಂದೇ. ತಳಕ್ಕೆ ನಾಲ್ಕು ತೂತು ಕೊರೆದು, ಮಣ್ಣು ತುಂಬಿ, ಮನೆ ಮುಂದಿನ ಹುಲ್ಲಿನ ಮೇಲೆ ಕೂರಿಸಿ ಹೂವಿನ ಗಿಡ ನೆಡುತ್ತಾರೆ. ಊರಿನ ದಾರಿಯಲ್ಲೇ ಅಂಥವು ಮೂರು ಸಿಗುತ್ತವೆ. ಅವುಗಳ ಮುಂದೆ ಹಾದು ಹೋಗುವಾಗ ಲೋವೆಲ್ ಮುಖ ತಿರುಗಿಸಿಕೊಳ್ಳುತ್ತಿದ್ದ. ತಾನು ಮುದ್ದಿನಿಂದ ಉಜ್ಜಿ ತೊಳೆಯುವ ಅಲ್ಯೂಮಿನಿಯಂ ದೋಣಿಯ ಹೊಟ್ಟೆಯಲ್ಲಿ ಗೊಬ್ಬರ ತುಂಬುವುದನ್ನು ಅವನಿಗೆ ನೆನೆಯಲೂ ಆಗುತ್ತಿರಲಿಲ್ಲ.

ಆದರೆ ಮಾತು ಆಗಿಹೋಗಿತ್ತು. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ ದೋಣಿಯ ಎಂಜಿನ್ನಿನ ಕಾರ್ಬ್ಯುರೇಟರ್ ಬಿಚ್ಚಿ ಹರಡಿಕೊಂಡು ಕೂತಿದ್ದ ಗಂಡನನ್ನು ಆರ್ಲಿಸ್ ಸಹಿಸಿಕೊಂಡಿದ್ದಳು. ಸಾರಿನ ಪಾತ್ರೆಯಲ್ಲಿ ಒಂದು ಸ್ಕ್ರೂ ಸಿಕ್ಕ ದಿನ ಅವಳ ತಾಳ್ಮೆ ಮುಗಿಯಿತು.

"ನೋಡು ಮಾರಾಯ, ಬೇಸಿಗೆ ಬರ್ಲಿ. ಒಂದು ಶನಿವಾರ ನನ್ನನ್ನ ಕೂರಿಸ್ಕೊಂಡು ಕೆರೆ ಮಧ್ಯಕ್ಕೆ ಹೋಗಿ ವಾಪಸ್ ಕರ್ಕೊಂಡ್ ಬಾ. ಯಾರ ಕೈಲೂ ಹಗ್ಗ ಕಟ್ಟಿಸ್ಕೊಂಡು ಎಳೆಸ್ಕೋಬಾರ್ದು. ಬಂದ್ಯಾ, ದೋಣಿ ನಿಂದು, ನಾನು ಇನ್ನು ಅದರ ಸುದ್ದಿಗೆ ಬರಲ್ಲ. ಬರ್ಲಿಲ್ವಾ, ಮಾರನೇ ದಿನ ಚರ್ಚಿಂದ ಬಂದು ನಾನೇ ಡ್ರಿಲ್ ತಗೋತೀನಿ."

ಹಗ್ಗದ ಮಾತು ಸುಮ್ಮನೆ ಬಂದದ್ದಲ್ಲ. ಆ ಎಂಜಿನ್ನಿಗೆ ಒಂದು ದರಿದ್ರ ಗುಣವಿತ್ತು. ತಣ್ಣಗಿದ್ದಾಗ ಸ್ಟಾರ್ಟರ್ ದಾರದ ಒಂದೇ ಎಳೆತಕ್ಕೆ ಗುರ್ ಅನ್ನುವುದು. ಕಾದ ಮೇಲೆ ಒಮ್ಮೆ ನಿಂತರೆ ಮುಗಿಯಿತು, ಮತ್ತೆ ಅಲುಗುವುದು ಅದಕ್ಕೆ ಮನಸ್ಸು ಬಂದಾಗ. ಹಾಗೆ ಕೈ ಕೊಟ್ಟಾಗಲೆಲ್ಲ ಡೆಲ್ಮರ್ ಬರುತ್ತಿದ್ದ. ಡೆಲ್ಮರ್‌ಗೆ ಕೆರೆ ದಡದಲ್ಲೇ ಮನೆ, ಸೋಫಾ ಹಾಕಿದ ಜಗಲಿಯೊಂದು ನೀರಿನ ಮೇಲೆ ತೇಲಿದಂಥ ದೊಡ್ಡ ಪಾಂಟೂನ್ ದೋಣಿ. ಸುರುಳಿ ಸುತ್ತಿದ ಹಳದಿ ಹಗ್ಗವನ್ನು ಕೈಯಲ್ಲಿ ಹಿಡಿದೇ ಬರುವನು. "ಏನಯ್ಯಾ ಲೋವೆಲ್, ತೊಂದ್ರೇನಾ?" ಎಂದು ಕೇಳುವನು. ತೊಂದರೆಯೇ ಎಂದು ಕಣ್ಣಿಗೆ ಕಾಣುತ್ತಿದ್ದರೂ ಕೇಳುವನು. ಆಮೇಲೆ ಇಡೀ ಕೆರೆ ನೋಡುವ ಹಾಗೆ ನಿಧಾನವಾಗಿ ಎಳೆದುಕೊಂಡು ಹೋಗುವನು. ಆಗ ಲೋವೆಲ್‌ಗೆ ನೀರಿಗೆ ಹಾರಿಬಿಡೋಣ ಅನ್ನಿಸುತ್ತಿತ್ತು.

ಅವನಿಗೆ ಬೇಕಿದ್ದದ್ದಾದರೂ ಏನು? ವೇಗ ಬೇಡ, ಮೀನೂ ಬೇಡ. ಕೆರೆಯ ನಡುವೆ ಎಂಜಿನ್ ಆರಿಸಿ, ಆರ್ಲಿಸ್ ಪಕ್ಕದಲ್ಲಿ, ಒಂದು ಸ್ಯಾಂಡ್‌ವಿಚ್ ತಿನ್ನುವಷ್ಟು ಹೊತ್ತು ಸದ್ದಿಲ್ಲದೆ ಕೂರಬೇಕು. ದೋಣಿ ಕೊಂಡ ದಿನದಿಂದ ಅವಳಿಗೆ ಅದನ್ನೇ ವರ್ಣಿಸುತ್ತ ಬಂದಿದ್ದ. ಎಂಜಿನ್ ಎಷ್ಟೋ ಸಲ ನಡುನೀರಿನಲ್ಲಿ ನಿಂತಿತ್ತು ನಿಜ. ಆದರೆ ತಾನಾಗಿ ನಿಂತ ಎಂಜಿನ್ನಿನ ಮುಂದೆ ಲೋವೆಲ್ ಆಡುತ್ತಿದ್ದ ಮಾತುಗಳಿಂದಾಗಿ ಆರ್ಲಿಸ್‌ಗೆ ಆ ನಿಶ್ಶಬ್ದದ ಪರಿಚಯ ಆಗಿರಲೇ ಇಲ್ಲ.

ಶನಿವಾರ ಸಂಜೆ ದೋಣಿಯನ್ನು ಟ್ರೇಲರ್ ಮೇಲೆ ಹೇರಿ ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಇಬ್ಬರೂ ಕೆರೆಗೆ ಬಂದರು. ದೋಣಿ ಇಳಿಸುವ ಇಳಿಜಾರಿನಲ್ಲಿ ಜಾತ್ರೆಯಷ್ಟು ಜನ. ಹಿಂದೆ ಗಾಡಿಗಳ ಸಾಲು, ಪಕ್ಕದಲ್ಲಿ ಬಿಯರ್ ಕ್ಯಾನ್ ಹಿಡಿದು ಯಾರು ಏನು ತಪ್ಪು ಮಾಡುತ್ತಾರೆ ಎಂದು ನೋಡಲೆಂದೇ ನಿಂತ ನಾಲ್ಕು ಜನ. ನೀರೊಳಗೆ ಚಾಚಿದ ಹಲಗೆಗಟ್ಟೆಗೆ ಪಾಂಟೂನ್ ಕಟ್ಟಿಕೊಂಡು ಡೆಲ್ಮರ್.

"ಓಹೋ, ಸವಾರಿ ಹೊರಟಿತು! ಆರ್ಲಿಸ್, ಪೆಟೂನಿಯಾ ತಂದಿದೀಯಂತೆ?"

"ಊರಿಗೆಲ್ಲ ಡಂಗುರ ಹೊಡೆದಿದೀಯಾ?" ಲೋವೆಲ್ ಹೆಂಡತಿಯತ್ತ ಹಲ್ಲು ಕಡಿದ.

"ನರ್ಸರೀಲಿ ಅವನ ತಂಗಿ ತಾನೇ ಇರೋದು. ನನ್ನ ಮೇಲ್ಯಾಕೆ ಹಾರಾಡ್ತೀಯ?"

"ಹಗ್ಗ ಹೊಸದು ತಂದಿದೀನಿ ಕಣಯ್ಯಾ," ಎಂದ ಡೆಲ್ಮರ್. "ಹಳೇದು ನಿನ್ನನ್ನ ಎಳೆದೂ ಎಳೆದೂ ಸವೆದುಹೋಯ್ತು."

ಬಿಯರ್ ಹಿಡಿದವರು ನಕ್ಕರು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಲೋವೆಲ್‌ನ ಕಿವಿ ಕೆಂಪಾಯಿತು. ಗಡಿಬಿಡಿಯಲ್ಲಿ ದೋಣಿಗೆ ಬಿಗಿದ ಪಟ್ಟಿ ಬಿಚ್ಚಿದ, ದೋಣಿ ನೀರಿಗೆ ತಳ್ಳಿದ, ಗಾಡಿ ಒಯ್ದು ನಿಲ್ಲಿಸಿ ಬಂದ. ಬುಟ್ಟಿ ಹಿಡಿದು ಆರ್ಲಿಸ್ ಮುಂದಿನ ಹಲಗೆಯ ಮೇಲೆ ಮುಂದಕ್ಕೆ ಮುಖ ಮಾಡಿ ಕೂತಳು, ಅವನು ಹಿಂದೆ ಎಂಜಿನ್ ಪಕ್ಕ. ಒಂದೇ ಎಳೆತ. ಗುರ್ ಅಂದಿತು. ಡೆಲ್ಮರ್ ಕಡೆ ಒಂದು ನೋಟ ಬಿಸಾಕಿ ಲೋವೆಲ್ ಹೊರಟೇ ಬಿಟ್ಟ.

ದಡದ ಹತ್ತಿರ ಮೆಲ್ಲಗೆ ಹೋಗಬೇಕೆಂಬುದು ಕೆರೆಯ ಕಾನೂನು. ಮೆಲ್ಲಗೆ ಹೋಗುತ್ತಿದ್ದಾಗಲೇ ಅವನ ಬೂಟಿನೊಳಗೆ ತಣ್ಣಗಾಯಿತು. ಬಗ್ಗಿ ನೋಡಿದ. ಕಾಲುಚೀಲದ ಅಂಚಿನವರೆಗೆ ನೀರು.

ಬಿರಡೆ!

ದೋಣಿಯ ಹಿಂಬದಿಯಲ್ಲಿ, ತಳದ ಹತ್ತಿರ, ಹೆಬ್ಬೆರಳು ತೂರುವಷ್ಟು ತೂತೊಂದು ಇರುತ್ತದೆ. ದಡಕ್ಕೆ ತಂದಾಗ ಒಳಗಿನ ನೀರು ಅಲ್ಲಿಂದ ಹರಿದುಹೋಗಲಿ ಎಂದು. ಒಂದು ಕೆರೆಯ ಪುಟ್ಟ ಚಿಪ್ಪುಹುಳು ಇನ್ನೊಂದು ಕೆರೆಗೆ ದಾಟಬಾರದೆಂದು, ದೋಣಿ ರಸ್ತೆಯಲ್ಲಿರುವಾಗ ಅದರ ಬಿರಡೆ ತೆಗೆದಿರಲೇಬೇಕು ಎನ್ನುತ್ತದೆ ಆ ರಾಜ್ಯದ ಸರ್ಕಾರ. ಆದ್ದರಿಂದ ಆ ರಾಜ್ಯದ ಗಂಡಸರು ಬಿರಡೆ ತೆಗೆಯುವುದನ್ನು ಎಂದೂ ಮರೆಯುವುದಿಲ್ಲ, ಹಾಕುವುದನ್ನು ಮರೆಯುತ್ತಾರೆ. ಮರೆಯಬಾರದೆಂದೇ ಲೋವೆಲ್ ಅದನ್ನು ಪಿಕಪ್‌ನಲ್ಲಿ ಕಾಫಿ ಲೋಟ ಇಡುವ ಕುಳಿಯಲ್ಲಿ ಇಟ್ಟಿದ್ದ. ಈಗಲೂ ಅದು ಅಲ್ಲೇ ಭದ್ರವಾಗಿತ್ತು.

ವಾಪಸು ತಿರುಗಿಸಬಹುದಿತ್ತು. ಬಿಯರ್‌ನವರು, ಹಾರ್ನ್‌ನವನು, ಡೆಲ್ಮರ್, ಎಲ್ಲರ ಮುಂದೆ ನೀರು ತುಂಬಿದ ದೋಣಿ ಹಿಡಿದುಕೊಂಡು ಹೋಗಬಹುದಿತ್ತು. ಅದರ ಬದಲು ಸಾಯುವುದೇ ವಾಸಿ ಅನ್ನಿಸಿತು. ಕೈ ತಾನಾಗಿ ಎಂಜಿನ್ನಿನ ಹಿಡಿಯನ್ನು ತಿರುಚಿತು. ದೋಣಿ ಮೂತಿ ಎತ್ತಿ ಚಿಮ್ಮಿತು. ಜೋರಾಗಿ ಓಡುವ ದೋಣಿಗೆ ಆ ತೂತಿನಿಂದ ನೀರು ಒಳಗೆ ಬರುವುದಿಲ್ಲ, ಒಳಗಿದ್ದದ್ದೇ ಹೊರಗೆ ಸೆಳೆದುಹೋಗುತ್ತದೆ. ನೋಡನೋಡುತ್ತಿದ್ದಂತೆ ಕಾಲ ಕೆಳಗಿನ ನೀರು ಇಳಿಯಿತು. ಸದ್ಯ ಬದುಕಿದೆ ಎಂದುಕೊಂಡ. ಆದರೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಮತ್ತೆ ನೀರು ಏರುತ್ತದೆ, ಕಾದ ಎಂಜಿನ್ ಮತ್ತೆ ಹೊರಡುವುದಿಲ್ಲ, ಭಾನುವಾರ ಡ್ರಿಲ್.

ಸರಿ, ಕೆರೆಯ ನಡುವೆ ಒಂದು ದೊಡ್ಡ ಸುತ್ತು ಹಾಕಿ ದಡಕ್ಕೆ ನುಗ್ಗಿಬಿಡುವುದು. ನಡುವಿಗೆ ಹೋದದ್ದೂ ಆಯಿತು, ಹಗ್ಗವಿಲ್ಲದೆ ಬಂದದ್ದೂ ಆಯಿತು. ಅವಳಿಗೆ ಗೊತ್ತಾಗುವುದೇ ಬೇಡ.

ಗಾಳಿಗೆ ಆರ್ಲಿಸ್‌ಳ ನರೆತ ಕೂದಲು ಹಾರಾಡುತ್ತಿತ್ತು. ಅವಳು ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ಮುಂದೆ ನೋಡುತ್ತಿದ್ದಳು. ದೋಣಿ ಸರಿಯಾಗಿ ಕೆರೆಯ ನಡುವಿಗೆ ಬಂದಾಗ ಹಿಂದಕ್ಕೆ ತಿರುಗಿದಳು. ಮುಖದಲ್ಲಿ ಗಂಟು ಇರಲಿಲ್ಲ.

"ಇಲ್ಲಿ ನಿಲ್ಸು!"

"ಏನಂದೆ?"

"ಎಂಜಿನ್ ಆಫ್ ಮಾಡು! ನೀನು ಯಾವಾಗ್ಲೂ ಹೇಳ್ತೀಯಲ್ಲ, ಆ ನಿಶ್ಶಬ್ದ! ಕೇಳ್ಬೇಕು ನಂಗೆ!"

ಲೋವೆಲ್‌ಗೆ ಮೈ ಪರಚಿಕೊಳ್ಳುವ ಹಾಗಾಯಿತು. ಇಷ್ಟು ವರ್ಷ! ಇಷ್ಟು ವರ್ಷ ಬೇಡಿಕೊಂಡರೂ ಬಾರದ ಮಾತು ಇವತ್ತೇ ಬರಬೇಕಿತ್ತೇ?

"ಇನ್ನೊಂದು ಸುತ್ತು!" ಎಂದು ಕೂಗಿದ.

ಸುತ್ತು ಮುಗಿಯಿತು. "ಈಗ ನಿಲ್ಸು!"

"ಈ ಕಡೆ ಬಿಸ್ಲು ಕಣೆ! ಆ ಕಡೆ ಹೋಗೋಣ!"

ಆ ಕಡೆಯೂ ಹೋಗಿ ಬಂದರು. ಆರ್ಲಿಸ್ ಪೂರ್ತಿ ತಿರುಗಿ ಕೂತಳು. ಗಂಟು ಮತ್ತೆ ಮುಖಕ್ಕೆ ಬಂದಿತ್ತು.

"ಒಂದು ಕೆಲ್ಸ ಕೇಳ್ದೆ ನಿನ್ನನ್ನ. ಹುಡುಗರ ಥರ ಗಿರಗಿರ ತಿರುಗಿಸ್ತಾ ಇದೀಯಲ್ಲ, ಡೆಲ್ಮರ್‌ಗೆ ತೋರಿಸ್ಬೇಕಾ? ನಾನು ಬಂದಿರೋದು ನಿನ್ನ ಜೊತೆ ಕೂರೋಕೆ. ಅದೂ ಬೇಡ ಅಂದ್ರೆ ದಡಕ್ಕೆ ಬಿಡು, ಗಿಡ ನೆಡೋ ಕೆಲ್ಸ ಇದೆ."

ಅವನಿಗೆ ತಡೆಯಲಾಗಲಿಲ್ಲ. "ನಿಲ್ಸಿದ್ರೆ ಮುಳುಗ್ತೀವಿ ಕಣೆ! ಬಿರಡೆ ಹಾಕಿಲ್ಲ! ಗಾಡೀಲಿದೆ!"

ಆರ್ಲಿಸ್ ಅವನ ಒದ್ದೆ ಬೂಟು ನೋಡಿದಳು, ತೂತಿನ ಕಡೆ ನೋಡಿದಳು. ಬೈಯುತ್ತಾಳೆ ಎಂದು ಲೋವೆಲ್ ಕತ್ತು ಒಳಗೆಳೆದುಕೊಂಡ.

"ಒಳ್ಳೇದಾಯ್ತು ಬಿಡು," ಎಂದಳು. "ಒಂದು ತೂತು ಕೊರೆಯೋ ಕೆಲ್ಸ ತಪ್ಪಿತು."

ಆಮೇಲೆ ಬುಟ್ಟಿಯ ಬಟ್ಟೆ ಸರಿಸಿದಳು. ಮೊಟ್ಟೆಯ ಸ್ಯಾಂಡ್‌ವಿಚ್, ಉಪ್ಪಿನಲ್ಲಿಟ್ಟ ಸೌತೆಕಾಯಿ, ಕಾಫಿಯ ಫ್ಲಾಸ್ಕ್, ಡಾಕ್ಟರು ಹೇಳಿದ ಮೇಲೆ ಲೋವೆಲ್‌ನ ಕೊರಳಿಗೆ ಬಿದ್ದ ಕ್ಯಾರೆಟ್‌ಗಳು. ಹೊರಡುವ ಗಡಿಬಿಡಿಯಲ್ಲಿ ಹೆಚ್ಚುವುದಕ್ಕೆ ಪುರುಸೊತ್ತಿಲ್ಲದೆ ಇಡಿಯಾಗಿಯೇ ತಂದಿದ್ದಳು. ಇರುವುದರಲ್ಲಿ ದಪ್ಪದ್ದೊಂದನ್ನು ಆರಿಸಿಕೊಂಡು, ಹಲಗೆಗಳ ಮೇಲೆ ಕೈಯೂರುತ್ತ ಹಿಂದಕ್ಕೆ ಬಂದು, ಒಳ್ಳೆಯ ಪ್ಯಾಂಟಿನಲ್ಲೇ ತೇವದ ಮೇಲೆ ಮಂಡಿಯೂರಿದಳು.

"ಸಣ್ಣ ತುದಿ ಮೊದ್ಲು ಹಾಕು. ಸ್ವಲ್ಪ ತಿರುಚ್ಕೊಂಡು..."

"ನೀನು ಬಾಯಿ ಮುಚ್ಕೊಂಡು ಓಡ್ಸು."

ತೂತಿಗೆ ಕ್ಯಾರೆಟ್ ತೂರಿಸಿ ಫ್ಲಾಸ್ಕಿನ ತಳದಿಂದ ನಾಲ್ಕು ಪೆಟ್ಟು ಹಾಕಿದಳು. ಕೈಯೊರೆಸಿಕೊಂಡು ಅವನ ಪಕ್ಕದಲ್ಲೇ ಕೂತಳು.

"ಈಗ ನಿಲ್ಸು."

"ಕಾದಿದೆ. ನಿಂತ್ರೆ ಮತ್ತೆ ಹೊರಡಲ್ಲ. ಗೊತ್ತಲ್ಲ ನಿಂಗೆ? ನಮ್ಮ ಮಾತು..."

"ನಿಲ್ಸು ಅಂದೆ, ಲೋವೆಲ್."

ನಿಲ್ಲಿಸಿದ.

ಎಬ್ಬಿಸಿದ ಅಲೆಗಳು ಒಂದೊಂದಾಗಿ ದೋಣಿಯ ಕೆಳಗೆ ಹಾದುಹೋಗಿ ಅಡಗಿದವು. ದೂರದ ದಡದಲ್ಲಿ ಯಾರದೋ ಮನೆಯ ಜಾಲರಿ ಬಾಗಿಲು ಬಡಿದುಕೊಂಡಿತು. ಅಷ್ಟೇ. ಅಲ್ಯೂಮಿನಿಯಂ ತಳಕ್ಕೆ ನೀರು ತಟ್ಟುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆರ್ಲಿಸ್ ಕಣ್ಣು ಮುಚ್ಚಿಕೊಂಡಳು. ಸ್ಯಾಂಡ್‌ವಿಚ್ ಅವಳ ಕೈಯಲ್ಲಿ ಹಾಗೇ ಇತ್ತು.

"ಇದೇನಾ ನೀನು ಹೇಳ್ತಾ ಇದ್ದಿದ್ದು?"

"ಹೂಂ."

"ಮೊದ್ಲೇ ಹೇಳ್ಬಾರ್ದಾ," ಎಂದಳು, ಅವನು ಒಂದು ಸಲವೂ ಹೇಳಿಲ್ಲವೇನೋ ಎಂಬಂತೆ.

ಲೋವೆಲ್‌ಗೆ ಸಂತೋಷಪಡಲೂ ಆಗಲಿಲ್ಲ. ಅವನ ಕಣ್ಣು ಎಂಜಿನ್ನಿನ ಮೇಲೆಯೇ ಇತ್ತು. ಸ್ಯಾಂಡ್‌ವಿಚ್ ಗಬಗಬ ನುಂಗಿ ಎದ್ದು ಸ್ಟಾರ್ಟರ್ ದಾರ ಎಳೆದ. ಸುಮ್ಮನಿತ್ತು. ಮತ್ತೆ ಎಳೆದ. ಗಂಟಲು ಕೆರೆದುಕೊಂಡು ಸುಮ್ಮನಾಯಿತು. ಚೋಕ್ ಎಳೆದು, ಬಿಟ್ಟು, ಪೆಟ್ರೋಲ್ ಕೊಳವೆಯ ರಬ್ಬರ್ ಉಂಡೆ ಹಿಸುಕಿ, ಮತ್ತೆ ಎಳೆದ, ಮತ್ತೆ ಮತ್ತೆ ಎಳೆದ. ಭುಜ ಕಿತ್ತುಬಂದ ಹಾಗಾಯಿತು. ಚಳಿಗಾಲವಿಡೀ ತೊಳೆದು ಒರೆಸಿ ಜೋಡಿಸಿದ್ದಕ್ಕೆ ಇದಾ ಪ್ರತಿಫಲ? ಕೃತಘ್ನ ಕಬ್ಬಿಣ! ಎಂಜಿನ್ನಿನ ನೆತ್ತಿಗೆ ಗುದ್ದಿದ. ಕೈ ನೋವಾಯಿತು, ಅಷ್ಟೇ. ಕುಸಿದು ಕೂತ. ಅಳು ಬರುವ ಹಾಗಿತ್ತು, ಬರಲಿ ಎಂದೂ ಅನ್ನಿಸಿತು.

ಅಷ್ಟರಲ್ಲಿ ಪಾಂಟೂನಿನ ಸದ್ದು ಕೇಳಿತು. ಡೆಲ್ಮರ್ ಬಂದ. ಕೈಯಲ್ಲಿ ಹೊಸ ಹಗ್ಗ, ಬೆಲೆಯ ಚೀಟಿಯೂ ಹರಿದಿರಲಿಲ್ಲ.

"ಏನಯ್ಯಾ ಲೋವೆಲ್, ತೊಂದ್ರೇನಾ?"

ಲೋವೆಲ್ ಬಾಯಿ ತೆರೆದ. ಹಗ್ಗ ಎಸಿ ಅನ್ನಬೇಕು. ಅಂದ ಮೇಲೆ ನಾಳೆ ಮಣ್ಣು ಹೊರಬೇಕು. ಕಾಲ ಬಳಿ ಕ್ಯಾರೆಟ್ಟಿನ ಸುತ್ತ ನೀರು ಸಣ್ಣಗೆ ಒಸರುತ್ತಿತ್ತು. ಆರ್ಲಿಸ್ ಕಾಲು ಚಾಚಿ ಹಿಮ್ಮಡಿಯಿಂದ ಅದನ್ನು ಒತ್ತಿ ಹಿಡಿದಳು. ಮೇಲಿನಿಂದ ನೋಡುವವರಿಗೆ ಆರಾಮಾಗಿ ಒರಗಿ ಕೂತಂತೆ ಕಾಣುತ್ತಿತ್ತು.

"ತೊಂದ್ರೆ ಏನಿಲ್ವಲ್ಲ ಡೆಲ್ಮರ್," ಎಂದಳು. "ಸುಮ್ನೆ ಕೂತಿದೀವಿ."

"ಎಂಜಿನ್ನು...?"

"ನಾನೇ ಆಫ್ ಮಾಡು ಅಂದಿದ್ದು. ಸದ್ದು ಬೇಡ ಅಂತ. ನಿಂದೂ ಸ್ವಲ್ಪ ಆ ಕಡೆ ತಗೊಂಡ್ ಹೋಗ್ತೀಯಾ?"

ಡೆಲ್ಮರ್ ಒಮ್ಮೆ ಅವಳನ್ನು, ಒಮ್ಮೆ ಬೆವರಿಳಿಯುತ್ತಿದ್ದ ಲೋವೆಲ್‌ನನ್ನು ನೋಡಿದ. ಹಗ್ಗವನ್ನು ಸೋಫಾದ ಮೇಲೆ ಹಾಕಿ, ಎರಡು ಸಲ ಹಿಂತಿರುಗಿ ನೋಡುತ್ತ ಹೋದ.

ಅವನು ದೂರವಾದ ಮೇಲೆ ಆರ್ಲಿಸ್ ಹಲಗೆಯಡಿಯಿಂದ ಹುಟ್ಟುಗಳನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿದಳು.

"ಏನ್ ನೋಡ್ತೀಯ? ನಿನ್ನ ತೋಳು ಬಿದ್ದುಹೋಗಿದೆ. ಕ್ಯಾರೆಟ್ ಮೇಲೆ ಕಾಲಿಡು. ಹಗ್ಗ ಬೇಡ ಅಂತ ಮಾತಾಗಿತ್ತು, ಹುಟ್ಟು ಬೇಡ ಅಂತ ಆಗಿರ್ಲಿಲ್ಲ."

ಲೋವೆಲ್ ಹಿಮ್ಮಡಿ ಇಟ್ಟ. ಅವಳು ಹುಟ್ಟು ಹಾಕತೊಡಗಿದಳು. ದಡ ಇನ್ನೂ ಬಹಳ ದೂರವಿತ್ತು.

"ಪೆಟೂನಿಯಾ?" ಎಂದು ಮೆಲ್ಲಗೆ ಕೇಳಿದ.

"ನಿನ್ನ ಪಿಕಪ್ಪಿನ ಹಿಂದಿನ ತೊಟ್ಟಿ ಅಷ್ಟು ದೊಡ್ಡದು ಖಾಲಿ ಬಿದ್ದಿದೆಯಲ್ಲ, ಅದಕ್ಕೇ ಮಣ್ಣು ತುಂಬಿದ್ರಾಯ್ತು," ಎಂದಳು ಆರ್ಲಿಸ್. "ಕಾಲು ತೆಗೀಬೇಡ, ನೀರು ಬರ್ತಾ ಇದೆ."