ಚರಂಡಿಗೆ ಸುರಿದ ಪುಡಿ

ಮಂಡಿನೋವು ಬಲಿತ ಮೇಲೆ ಶಾಹಿದಾ ಬೇಗಂ ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡಬೇಕಾಯಿತು. ಚಿಕ್ಕನಾಯಕನಹಳ್ಳಿಯ ಡಾಕ್ಟರು ಬರೆದುಕೊಟ್ಟ ಮಾತ್ರೆ ಹೊಟ್ಟೆ ಉರಿಸಿತೇ ಹೊರತು ನೋವು ಇಳಿಸಲಿಲ್ಲ. ಆಗ ಯಾರದೋ ಮಾತು ಕೇಳಿ ಮಗ ನವಾಜ್ ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹುಳಿಯಾರಿನಾಚೆಗಿದ್ದ ಒಬ್ಬ ಪಂಡಿತನ ಬಳಿ ಹೋದ. ಪಂಡಿತ ಬೂದುಬಣ್ಣದ ಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟು, ಬರೀ ಬೇರು ನಾರು, ಏನೂ ತೊಂದರೆಯಿಲ್ಲ ಎಂದ.

ವಾರ ಕಳೆಯುವಷ್ಟರಲ್ಲಿ ಮುದುಕಿ ಚಾಪೆಯ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದರು. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಸೊಸೆ ರುಕ್ಸಾನ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ತಾಯಿಯಿಲ್ಲದೆ ಬಂದ ಅವಳಿಗೆ ಕಾಜಾ ಹೊಲಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಈ ಅತ್ತೆ.

ಆಮೇಲೆ ಪುಡಿ ಒಂದು ದಿನವೂ ತಪ್ಪಲಿಲ್ಲ. ವರ್ಷ ಕಳೆದಂತೆ ಮುಖ ದುಂಡಗಾಯಿತು. ನೆರೆಯವರು ಮೈಕೈ ತುಂಬಿಕೊಂಡಿದ್ದೀರಿ ಎಂದು ಮೆಚ್ಚಿದರು. ಆದರೆ ಕಾಲು ಸೊರಗಿ ಕಡ್ಡಿಯಾಯಿತು. ಬಳೆ ತಾಗಿದರೂ ತೋಳು ನೀಲಿಗಟ್ಟುತ್ತಿತ್ತು.

ಒಂದು ದಿನ ನವಾಜ್ ತನ್ನ ಗ್ಯಾರೇಜಿನಲ್ಲಿ ಕೂತು ಫೋನಿನಲ್ಲಿ ಇಂಥ ಪುಡಿಗಳ ಬಗೆಗಿನ ವಿಡಿಯೊ ನೋಡಿ ಉರಿದುಕೊಂಡು ಮನೆಗೆ ಬಂದ.

"ಅದ್ರಲ್ಲಿ ಸ್ಟೀರಾಯ್ಡ್ ಬೆರೆಸ್ತಾರಂತೆ ಕಣೇ! ವಿಷ ತಿನ್ನಿಸ್ತಾ ಇದ್ವಿ ಅಮ್ಮಿಗೆ!"

ಡಬ್ಬಿಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿ ಬಾಗಿಲ ಮುಂದಿನ ಚರಂಡಿಗೆ ಸುರಿದ.

"ಒಂದಾದ್ರೂ ಇಡೋ, ಮಗಾ" ಎಂದರು ಶಾಹಿದಾ.

"ಇವತ್ತಿಂದ ಬಂದ್, ಅಮ್ಮಿ."

ಅಲ್ಲಿಂದ ಮುದುಕಿಗೆ ಏಳಲಾಗಲಿಲ್ಲ. ಉಂಡದ್ದು ವಾಂತಿ. ಪುಡಿಯ ಚಟ ಬಿಡುವಾಗ ಹೀಗೇ ಆಗುತ್ತದೆ ಎಂದು ನವಾಜ್ ಧೈರ್ಯ ಹೇಳಿದ. ಅಷ್ಟರಲ್ಲಿ ಕಾಲಿನದೊಂದು ಸಣ್ಣ ಗಾಯ ಕೀವಾಗಿ ಜ್ವರ ಬಂತು. ಕರೆದರೆ ಓಗೊಡದಂತಾದಾಗ ಆಂಬುಲೆನ್ಸಿನಲ್ಲಿ ತುಮಕೂರಿಗೆ ಒಯ್ದರು.

ನವಾಜ್ ಇಂಜೆಕ್ಷನ್ ತರಲು ಹೊರಗೆ ಓಡಿದ್ದಾಗ ಡಾಕ್ಟರಮ್ಮ ರುಕ್ಸಾನಳನ್ನು ಪಕ್ಕಕ್ಕೆ ಕರೆದು ಎಲ್ಲ ಕೇಳಿದರು. ಪುಡಿಯ ಸಂಗತಿ ತಿಳಿದದ್ದೇ ಅವರ ಮುಖ ಗಂಭೀರವಾಯಿತು.

"ನೋಡಮ್ಮ, ನಮ್ಮೆಲ್ಲರ ಕಿಡ್ನಿ ಮೇಲೆ ಒಂದೊಂದು ಪುಟ್ಟ ಗ್ರಂಥಿ ಇರುತ್ತೆ. ಮೈಗೆ ಬೇಕಾದ ಸ್ಟೀರಾಯ್ಡನ್ನ ಅದೇ ಮಾಡ್ಕೊಳ್ಳುತ್ತೆ. ದಿನಾ ಹೊರಗಿನಿಂದ ಸಿಗ್ತಾ ಇದ್ರೆ ಅದು ಕೆಲಸ ಬಿಟ್ಟು ಮಲಗಿಬಿಡುತ್ತೆ. ಥಟ್ಟನೆ ನಿಲ್ಲಿಸಿದ್ರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಜ್ವರ ಬಂತು ಅಂದ್ರೆ ಬಿಪಿ ಹಿಡಿದು ನಿಲ್ಲಿಸೋಕೆ ಮೈಯಲ್ಲಿ ಏನೂ ಇರಲ್ಲ. ಈಗ ನಾವು ಚುಚ್ಚುತ್ತಿರೋದೂ ಅದೇ ಔಷಧಾನೇ."

"ಅದು ವಿಷ ಅಲ್ವಾ ಮೇಡಂ?"

"ಉಬ್ಬಸ ಬಂದೋರ ಪ್ರಾಣ ಉಳಿಸೋದೂ ಅದೇ. ಹೇಳದೆ ವರ್ಷಗಟ್ಟಲೆ ಕೊಟ್ಟಿದ್ದು ಆ ಪಂಡಿತನ ತಪ್ಪು. ಆದ್ರೆ ಬಿಡಿಸುವಾಗ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬರಬೇಕಿತ್ತು."

ಮರುದಿನ ಬೆಳಿಗ್ಗೆ ಶಾಹಿದಾ ಬೇಗಂ ತೀರಿಕೊಂಡರು. ಡಾಕ್ಟರು ಏನಂದರು ಎಂದು ನವಾಜ್ ಕೇಳಿದ. ಅಳುತ್ತಿದ್ದ ಅವನ ಮುಖ ನೋಡಿ, "ಕೀವು ರಕ್ತಕ್ಕೇರಿತ್ತಂತೆ" ಎಂದಳು ರುಕ್ಸಾನ. ಸುಳ್ಳೇನಲ್ಲ. ಅಷ್ಟೇ ಸಾಕೆಂದುಕೊಂಡಳು.

ದುಃಖ ನವಾಜ್‌ನನ್ನು ಸುಮ್ಮನೆ ಕೂರಿಸಲಿಲ್ಲ. ಗ್ಯಾರೇಜಿಗೆ ಬಂದವರನ್ನೆಲ್ಲ ನಿಲ್ಲಿಸಿ ಹೇಳತೊಡಗಿದ: ಆ ಪುಡಿ ತಿನ್ನುವವರಿದ್ದರೆ ಈ ಕ್ಷಣವೇ ಬಿಸಾಡಿ, ನಮ್ಮಮ್ಮನನ್ನು ಕೊಂದದ್ದು ಅದೇ. ಅವನು ಹಾಗೆ ಹೇಳಿದ್ದು ಕಿವಿಗೆ ಬಿದ್ದಾಗಲೆಲ್ಲ ರುಕ್ಸಾನ ಹೊಲಿಗೆ ನಿಲ್ಲಿಸುತ್ತಿದ್ದಳು. ಇವತ್ತು ಹೇಳಬೇಕು, ನಾಳೆ ಹೇಳಬೇಕು ಎಂದುಕೊಂಡೇ ದಿನ ದೂಡಿದಳು.

ಕೊಬ್ಬರಿ ಸುಲಿಯುವ ಕೆಲಸದ ಬೋರಮ್ಮ ಶೆಟ್ಟಿಕೆರೆಯಿಂದ ರವಿಕೆ ಹೊಲಿಸಲು ಬಂದ ದಿನ ನವಾಜ್ ಊಟಕ್ಕೆ ಕೂತಿದ್ದ. ಬೋರಮ್ಮನ ಮುಖವೂ ದುಂಡಗಾಗಿತ್ತು.

"ನೀವೂ ಆ ಪುಡಿ ತಿಂತೀರಾ?" ಎಂದು ಕೇಳಿಯೇಬಿಟ್ಟ.

"ಊ ಕಣಪ್ಪ, ಅದಿಲ್ದಿದ್ರೆ ಕೈಯೇ ಆಡಕಿಲ್ಲ."

"ಈಗಲೇ ಚೆಲ್ಲಿಬುಡಿ. ನಮ್ಮಮ್ಮಿ ಸತ್ತಿದ್ದು ಅದ್ರಿಂದಲೇ."

ಹೆದರಿದ ಬೋರಮ್ಮ ಚೀಲದಿಂದ ಪೊಟ್ಟಣ ತೆಗೆದು ಚರಂಡಿಯ ಕಡೆ ಹೊರಟಳು. ರುಕ್ಸಾನ ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದಳು.

"ಚೆಲ್ಲಬೇಡಿ ಅಕ್ಕ. ಒಂದೇ ಸಲ ಬಿಟ್ರೆ ಜೀವ ಹೋಗುತ್ತೆ. ನಮ್ಮತ್ತೆಗೆ ಆಗಿದ್ದು ಅದೇ."

ಗಂಡನ ಕಡೆ ತಿರುಗುವ ಧೈರ್ಯ ಅವಳಿಗಾಗಲಿಲ್ಲ.

"ಯಾರು ಹೇಳಿದ್ದು?" ಎಂದ ನವಾಜ್.

"ತುಮಕೂರಿನ ಡಾಕ್ಟರಮ್ಮ. ನೀವು ಇಂಜೆಕ್ಷನ್ ತರೋಕೆ ಹೋಗಿದ್ರಿ."

ರುಕ್ಸಾನ ಬೋರಮ್ಮನನ್ನು ಪೊಟ್ಟಣದ ಸಮೇತ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆ ಬರೆದು, ತಿಂಗಳು ತಿಂಗಳು ಇಳಿಸುತ್ತ ಹೋಗೋಣ, ನಡುವೆ ಬಿಡಬೇಡಿ ಎಂದರು.

ಮರಳಿ ಬಂದಾಗಲೂ ನವಾಜ್ ಅದೇ ತಟ್ಟೆಯ ಮುಂದೆ ಕೂತಿದ್ದ. ಕೈಯ ಮೇಲೆ ಅನ್ನ ಒಣಗಿತ್ತು.

"ನಾನೇ ಕೊಂದೆ ಅಮ್ಮಿನ" ಎಂದ. ಥಟ್ಟನೆ ತಲೆಯೆತ್ತಿದ. "ಇನ್ನೂ ಎಷ್ಟು ಜನಕ್ಕೆ ಹೇಳಿದ್ದೀನಿ ಗೊತ್ತೇನೇ? ನೊಣವಿನಕೆರೆ ಕಡೆಯ ಸಣ್ಣತಿಮ್ಮಯ್ಯ ನನ್ನ ಎದುರಿಗೇ ಚೆಲ್ಲಿದ್ರು."

ಕೈ ತೊಳೆದು ಬೈಕು ತೆಗೆದ. ರುಕ್ಸಾನ ಹಿಂದೆ ಕೂತಳು. ತೆಂಗಿನ ತೋಟಗಳ ನಡುವಿನ ಸಣ್ಣತಿಮ್ಮಯ್ಯನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು.

"ಅಣ್ಣಂಗೆ ವಾಂತಿ ನಿಲ್ಲಲೇ ಇಲ್ಲ ಕಣ್ರೀ. ಬೆಳಿಗ್ಗೆ ತಿಪಟೂರಿಗೆ ಕರ್ಕೊಂಡೋದ್ರು."

ನವಾಜ್ ಬೈಕನ್ನು ತಿಪಟೂರಿನ ಕಡೆ ತಿರುಗಿಸಿದ. ಆಸ್ಪತ್ರೆಯಲ್ಲಿ ಪುಡಿಯ ಮಾತನ್ನು ಯಾರಾದರೂ ಎತ್ತಿದ್ದಾರೋ ಇಲ್ಲವೋ ಎಂದುಕೊಳ್ಳುತ್ತ ರುಕ್ಸಾನ ಅವನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.