ಕಾರಿನ ಉಸಿರು

ಧಾರವಾಡದತ್ತ ಹೊರಟು ನವಲೂರಿನ ಏರು ಬಂತೆಂದರೆ ಮುರುಗೆಪ್ಪನವರ ಕಾರಿಗೆ ಮೂರು ವಾರಗಳಿಂದ ಏದುಸಿರು. ಸಮತಟ್ಟಾದ ಹಾದಿಯಲ್ಲಿ ಸಂಭಾವಿತನಂತೆ ಸಾಗಿ ಬಂದ ಗಾಡಿ, ಏರಿನ ಬುಡದಲ್ಲಿ ಎಕ್ಸಲೇಟರನ್ನು ನೆಲ ಮುಟ್ಟುವಂತೆ ಒತ್ತಿದರೂ, ಆ ಆಜ್ಞೆ ತನಗಲ್ಲವೆಂಬಂತೆ ಮೆಲ್ಲಗಾಗುತ್ತಿತ್ತು. ಹಿಂದಿನ ಗುರುವಾರವಂತೂ ಇಟ್ಟಿಗೆ ತುಂಬಿದ ಟೆಂಪೋ ಒಂದು ಅವರನ್ನು ದಾಟಿ ಹೋಗುವಾಗ ಅದರ ಚಾಲಕ ತಲೆ ಹೊರಹಾಕಿ, "ಅಜ್ಜಾ, ದೂಡಾಕ ಬರ್ಲೇನ್ರಿ?" ಎಂದು ಕೂಗಿದ್ದ.

ಎಪ್ಪತ್ತೊಂದರ ಮುರುಗೆಪ್ಪನವರು ಹತ್ತಿಯ ವ್ಯಾಪಾರಿಗಳು. ದೇಶಪಾಂಡೆ ನಗರದ ಮನೆಯಿಂದ ತಾವೇ ಕಾರು ನಡೆಸಿಕೊಂಡು ಶಿರಗುಪ್ಪಿಯಂಥ ಊರುಗಳಿಗೆ ಹೋಗಿ, ರೈತನ ಅಂಗಳದ ರಾಶಿಯಿಂದ ಒಂದು ಚಿಟಿಕೆ ಅರಳೆ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಹಿಂಜಿ, ಎಳೆಯ ಉದ್ದವನ್ನೂ ಗಟ್ಟಿತನವನ್ನೂ ಹೇಳಿಬಿಡುತ್ತಿದ್ದರು. ಅವರ ಬೆರಳು ಒಪ್ಪಿದ ಮಾಲನ್ನು ಯಾವ ಗಿರಣಿಯವರೂ ಮರುಪರೀಕ್ಷೆಗೆ ಒಡ್ಡುತ್ತಿರಲಿಲ್ಲ.

ಮಗ ಕುಮಾರಸ್ವಾಮಿ ಗಾಡಿಯನ್ನು ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದಿದ್ದ. ಅಲ್ಲಿಯವರು ಕಂಪ್ಯೂಟರಿಗೆ ವೈರು ಜೋಡಿಸಿ ನೋಡಿ, ಯಾವ ದೋಷವೂ ಇಲ್ಲವೆಂದು ಕಾಗದವನ್ನೇ ಬರೆದುಕೊಟ್ಟಿದ್ದರು. ಅವನೂ ದೇಶಪಾಂಡೆ ನಗರದ ಓಣಿಗಳಲ್ಲಿ ಎರಡು ಸುತ್ತು ಹೊಡೆದು ಬಂದು ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟ.

"ಅಪ್ಪಾಜಿ, ಗಾಡಿಗೇನೂ ಆಗಿಲ್ರಿ. ನಿಮ್ಮ ಕಾಲಾಗಿನ ಬಲ ಕಡಿಮಿ ಆಗೇತಿ. ಸೋಮವಾರದಿಂದ ಡ್ರೈವರ್ ಹೊಳೆಯಪ್ಪ ಬರ್ತಾನ. ನೀವು ಹಿಂದ ಆರಾಮ ಕೂತು ಹೋಗ್ರಿ."

"ಕಾಲು ಸೊರಗ್ಯಾವು ಅಂತ ನಾ ಎರಡು ವರ್ಷದಿಂದ ಒದರಾಕತ್ತೇನಿ, ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದರು ಹೆಂಡತಿ ಬಾಳವ್ವ, ರೊಟ್ಟಿ ಬಡಿಸುತ್ತ. "ಈಗ ಕಂಪ್ಯೂಟರ್ ಹೇಳೇತಿ. ಅದರ ಮಾತರ ಕೇಳ್ರಿ."

ಮುರುಗೆಪ್ಪನವರು ನಕ್ಕು, ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ತಟ್ಟೆಯಲ್ಲೇ ಇಟ್ಟರು. ಹಿಂದಿನ ಸೀಟು ಅವರಿಗೆ ದೊಡ್ಡ ಮಾತಾಗಿರಲಿಲ್ಲ. ಪಾದವು ತಮಗರಿವಿಲ್ಲದಂತೆ ಸೋತಿರುವುದು ನಿಜವಾದರೆ, ಬೆರಳುಗಳೂ ಸೋತಿರಲಾರವೆಂದು ಹೇಳುವವರಾರು? ಆ ಸೋಲು ಪರರ ಕಣ್ಣಿಗೆ ಬೀಳುವ ಮೊದಲೇ ತಾವಾಗಿ ಹತ್ತಿಯ ರಾಶಿಯಿಂದ ದೂರ ಸರಿಯಬೇಕಾದೀತೆಂಬ ಭಯ ಅವರನ್ನು ಮೂರು ವಾರಗಳಿಂದಲೂ ಕೊರೆಯುತ್ತಿತ್ತು.

ಆದಿತ್ಯವಾರ ಬೆಳಿಗ್ಗೆ ಯಾರಿಗೂ ಹೇಳದೆ ಅವರು ಕಾರನ್ನು ಉಣಕಲ್ ಕೆರೆಯಾಚೆಗಿನ ಇಮಾಮಹುಸೇನನ ಗ್ಯಾರೇಜಿಗೆ ತಂದರು. ನಲವತ್ತು ವರ್ಷ ಇಂಜಿನ್ನುಗಳ ನಾಡಿ ಹಿಡಿದ ಮನುಷ್ಯ ಆತ. ದೂರನ್ನೆಲ್ಲ ಕೇಳಿ, ಗಡ್ಡ ನೀವಿಕೊಂಡ.

"ಸಾವಕಾರ್ರ, ಗಾಡಿ ಏರ ಏರವಲ್ದು ಅಂದ್ರ ಅದಕ್ಕ ಒಂದ ಕಾರಣ ಇರೂದಿಲ್ರಿ. ಎಣ್ಣಿ ಮುಟ್ಟದಿದ್ರೂ ಹಂಗ, ಹೊಗಿ ಹೊರಗ ಹೋಗದಿದ್ರೂ ಹಂಗ, ಉಸಿರು ಕಟ್ಟಿದ್ರೂ ಹಂಗ. ಒಂದೊಂದ ಕೇಳೂಣು, ಅದ ಹೇಳತೈತಿ."

"ಕಾಲಿನ ಬಲ ಕಡಿಮಿ ಆಗಿದ್ರ?"

"ಎಕ್ಸಲೇಟರ್ ಒತ್ತೂದಂದ್ರ ಬಾವಿ ನೀರು ಸೇದೂದೇನ್ರಿ? ನನ್ನ ಮೊಮ್ಮಗಳು ಫಿಜಾ ಒತ್ತಿದ್ರೂ ಅದು ಕೆಳಗ ಇಳೀತೈತಿ!"

ಇಮಾಮಹುಸೇನ ಮೊದಲು ಗೇರು ತಪ್ಪಿಸಿ ಕಾರನ್ನು ಒಂದೇ ಕೈಯಿಂದ ತಳ್ಳಿದ. ಅದು ಸಲೀಸಾಗಿ ಉರುಳಿತು. ಬ್ರೇಕು ಚಕ್ರವನ್ನು ಹಿಡಿದುಕೊಂಡಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಮೂರನೆಯ ಗೇರಿನಲ್ಲಿ ಕ್ಲಚ್ ಬಿಟ್ಟ. ಇಂಜಿನ್ ಒಡನೆಯೇ ನಿಂತುಹೋಯಿತು, ಕ್ಲಚ್ ಜಾರುತ್ತಿರಲಿಲ್ಲ. ಡೀಸೆಲ್ ಫಿಲ್ಟರು ಶುಭ್ರವಾಗಿತ್ತು. ಮುರುಗೆಪ್ಪನವರಿಂದ ಇಂಜಿನ್ ಚಾಲೂ ಮಾಡಿಸಿ, ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದಾಗ ಹೊಗೆ ಧಾರಾಳವಾಗಿ ಬಂದರೂ ಅದರ ಕಪ್ಪು ಅಂಗೈಗೆ ಮೆತ್ತಿಕೊಂಡಿತು. ಸರಿಯಾಗಿ ಉರಿಯದ ಡೀಸೆಲ್ಲಿನ ಆ ಕಪ್ಪನ್ನು ಆತ ಬೆರಳಿನಿಂದ ತಿಕ್ಕಿ ನೋಡಿದ. ಆಮೇಲೆ ಬಾನೆಟ್ಟು ಎತ್ತಿ, ಗಾಳಿ ಒಳಹೋಗುವ ಕೊಳವೆಯ ಬಾಯಿಗೆ ಪತ್ರಿಕೆಯ ತುಂಡೊಂದನ್ನು ಹಿಡಿದು, "ಒತ್ರಿ ಸಾವಕಾರ್ರ, ಜೋರಾಗಿ!" ಎಂದ.

ಇಂಜಿನ್ ಗರ್ಜಿಸಿತು. ಕೊಳವೆಯ ಬಾಯಿಗೆ ಫಟ್ಟನೆ ಅಂಟಿಕೊಳ್ಳಬೇಕಾಗಿದ್ದ ಕಾಗದ, ಒಲ್ಲದ ಮನಸ್ಸಿನಿಂದ ಒಮ್ಮೆ ಅಲುಗಿತು, ಅಷ್ಟೇ.

"ನಿಮ್ಮ ಕಾಲಿಂದೇನೂ ತಪ್ಪಿಲ್ರಿ. ಪಾಪ, ಇದಕ್ಕ ಉಸಿರಾಡಾಕ ಬರವಲ್ದು!"

ಗಾಳಿ ಸೋಸುವ ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಚ್ಚಿ, ಮುಚ್ಚಳವನ್ನೂ ಫಿಲ್ಟರನ್ನೂ ಎತ್ತಿದ್ದೇ ತಡ, ಬೂದುಬಣ್ಣದ ಸುಂಡಿಲಿಯೊಂದು ಚಂಗನೆ ಹಾರಿ ಹಳೆಯ ಟಾಯರುಗಳ ಸಂದಿಗೆ ಓಡಿತು. ಇಮಾಮಹುಸೇನ, "ಯಾ ಅಲ್ಲಾ!" ಎಂದು ಒಂದು ಹೆಜ್ಜೆ ಹಿಂದೆ ಸರಿದ. ಮುರುಗೆಪ್ಪನವರು ಬಳಿಸಾರಿ ಬಗ್ಗಿದರು.

ಕರಿಯ ಪೆಟ್ಟಿಗೆಯ ತುಂಬ ಅರಳೆ. ಅದರ ನಡುವೆ ಬಟ್ಟಲಿನಂತೆ ದುಂಡಾದ ಒಂದು ಕುಳಿ. ಆ ಕುಳಿಯಲ್ಲಿ, ಹಸಿ ಶೇಂಗಾ ಕಾಳುಗಳಂತೆ ನಸುಗೆಂಪಾದ ಐದು ಮರಿಗಳು. ಕಣ್ಣು ಇನ್ನೂ ತೆರೆದಿರಲಿಲ್ಲ. ತೊಗಲು ಎಷ್ಟು ತೆಳುವೆಂದರೆ, ಪುಟ್ಟ ಹೊಟ್ಟೆಗಳಲ್ಲಿ ಕುಡಿದ ಹಾಲು ಬೆಳ್ಳಗೆ ಕಾಣುತ್ತಿತ್ತು. ಇಂಜಿನ್ನಿನ ಗರ್ಜನೆಯ ಮಗ್ಗುಲಲ್ಲಿ, ಗಾಳಿ ನುಗ್ಗುವ ಬಾಯಿಯ ಎದುರಿನಲ್ಲಿ, ಐದು ಜೀವಗಳು ಒಂದರ ಮೇಲೊಂದು ಕುತ್ತಿಗೆ ಚೆಲ್ಲಿ ನಿದ್ರಿಸುತ್ತಿದ್ದವು.

"ಶಿವನೇ," ಎಂದು ಮುರುಗೆಪ್ಪನವರು ಅಪ್ರಯತ್ನವಾಗಿ ಕೈ ಮುಗಿದರು.

ಆಮೇಲೆ, ವೃತ್ತಿಯ ಗುಣ ಸುಮ್ಮನಿರಗೊಡದೆ, ಗೂಡಿನ ಅಂಚಿನಿಂದ ಒಂದು ಚಿಟಿಕೆಯನ್ನೂ ಒಳಗಿನಿಂದ ಇನ್ನೊಂದು ಚಿಟಿಕೆಯನ್ನೂ ತೆಗೆದು ಹೆಬ್ಬೆರಳುಗಳ ನಡುವೆ ಹಿಂಜಿದರು. ಕಣ್ಣು ಮುಚ್ಚಿ ಮತ್ತೆ ಹಿಂಜಿದರು.

"ಇಮಾಮಸಾಬ, ಹೊರಗಿನ ಗೋಡಿ ಜಯಧರ ಹತ್ತಿ. ಎಳಿ ಗಿಡ್ಡ, ಒರಟು, ಗಟ್ಟಿ. ಒಳಗಿನ ಹಾಸಿಗಿ ಡಿಸಿಎಚ್. ರೇಶಿಮಿ ಹಂಗ ಉದ್ದನ ಎಳಿ. ಡಿಕ್ಕಿ ತಗದು ನೋಡು, ಮಾದರಿ ಹತ್ತಿ ಕಟ್ಟಿಟ್ಟೇನಿ, ಅದರಾಗ ಆ ಎರಡ ಪುಡಿಕಿ ಇಲಿ ಕಡಿದಿರಬೇಕು."

ಮಾಲು ತೂಗಿ ಒಪ್ಪಿಸುವವರೆಗೆ ಮಾದರಿಯ ಹತ್ತಿಯನ್ನು ಎಸೆಯದಿರುವುದು ವ್ಯಾಪಾರದ ಕಟ್ಟುಪಾಡು. ಮನೆಯೊಳಗಿಟ್ಟರೆ ಬಾಳವ್ವ ಅದನ್ನು ದೇವರ ದೀಪದ ಬತ್ತಿಯಾಗಿ ಹೊಸೆದುಬಿಡುತ್ತಾರೆಂದು ಮುರುಗೆಪ್ಪನವರು ಈ ಸಲ ನಾಲ್ಕು ಬಗೆಯ ಹತ್ತಿಯ ಪುಡಿಕೆಗಳನ್ನು ಕಾರಿನ ಡಿಕ್ಕಿಯಲ್ಲೇ ಬಚ್ಚಿಟ್ಟಿದ್ದರು. ಇಮಾಮಹುಸೇನ ಹೋಗಿ ನೋಡಿದ. ಎರಡು ಪುಡಿಕೆಗಳು ಕಟ್ಟಿದಂತೆಯೇ ಇದ್ದವು. ಕಡಿದು ಬರಿದಾದ ಎರಡರ ಮೇಲಿನ ಚೀಟಿಗಳನ್ನು ಆತ ಗಟ್ಟಿಯಾಗಿ ಓದಿದ: ಒಂದು ಜಯಧರ, ಇನ್ನೊಂದು ಡಿಸಿಎಚ್.

ಮುರುಗೆಪ್ಪನವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಮೂರು ವಾರಗಳ ಭಯ ಕರಗಿ ಕಣ್ಣಂಚಿಗೆ ಬಂತು.

"ಅಲ್ಲೋ ಮಾರಾಯ, ಈ ಪರೀಕ್ಷಾ ಕಲಿಯಾಕ ನನಗ ಹನ್ನೆರಡು ವರ್ಷ ಹಿಡೀತು. ಈಕಿಗೆ ಯಾರು ಕಲಿಸಿದ್ರೋ?"

"ಮ್ಯಾಲಿನವನು ಕಲಿಸಿರ್ತಾನ್ರಿ. ಮತ್ತ ಆಕಿ ನಿಮ್ಮಂಗ ಚೌಕಾಶಿ ಮಾಡೂದಿಲ್ಲ!"

ಮುರುಗೆಪ್ಪನವರು ಮಗನಿಗೆ ಫೋನು ಹಚ್ಚಿ, "ನಿನ್ನ ಕಂಪ್ಯೂಟರಿಗೆ ಕಾಣದ್ದು ತೋರಸ್ತೇನಿ, ಬಾ," ಎಂದಷ್ಟೇ ಹೇಳಿದರು. ಅರ್ಧ ತಾಸಿನಲ್ಲಿ ಸ್ಕೂಟರಿನ ಮೇಲೆ ಬಂದ ಕುಮಾರಸ್ವಾಮಿ ಪೆಟ್ಟಿಗೆಯೊಳಗೆ ಇಣುಕಿ ಮುಖ ಕಿವಿಚಿದ.

"ಇಲಿ ಏನ್ರಿ? ಲಗೂ ತಗದು ಒಗೀರಿ ಅತ್ಲಾಗ."

"ಸುಮ್ಮನಿರು," ಎಂದರು ಮುರುಗೆಪ್ಪನವರು. ಟಾಯರುಗಳ ಸಂದಿಯಿಂದ ಒಂದು ಮೂತಿ ಹೊರಬಂದಿತ್ತು.

ಇಮಾಮಹುಸೇನ ಕಂಪ್ರೆಸರನ್ನು ಆರಿಸಿದ. ಮೂವರೂ ಗೋಡೆಗೆ ಸರಿದು ನಿಂತರು. ತಾಯಿ ನೆಲದಲ್ಲಿ ಅಡಗಿ ಅಡಗಿ ಓಡಿ ಬಂದು, ಚಕ್ರ ಹತ್ತಿ, ಇಂಜಿನ್ನಿನ ಮೇಲೇರಿ, ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಮರಳಿತು. ಮತ್ತೆ ಬಂತು. ಮೂವರು ದೊಡ್ಡ ಮನುಷ್ಯರ ಕಣ್ಣೆದುರಿಗೆ, ಸತ್ತೇನೆಂಬ ಅಂಜಿಕೆಯಿಂದ ಮೈಯೆಲ್ಲ ನಡುಗುತ್ತಿದ್ದರೂ, ಆ ಹೆಬ್ಬೆರಳಿನಷ್ಟು ಜೀವ ಐದು ಸಲ ಬಂದಿತು, ಐದು ಸಲ ಹೋಯಿತು. ನಾಲ್ಕನೆಯ ಸಲ ಕುಮಾರಸ್ವಾಮಿಯ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ನೋಡದೆಯೇ ಅದನ್ನು ಅದುಮಿ ಹಿಡಿದ. ಕೊನೆಯ ಮರಿಯೂ ದಾಟಿದ ಮೇಲೆ, ಮುಖ ಕಿವಿಚಿದ್ದ ಅವನೇ ಗೂಡಿನ ಅರಳೆಯನ್ನು ಎರಡೂ ಕೈಯಿಂದ ಎತ್ತಿ ಒಯ್ದು ಟಾಯರುಗಳ ಬಳಿ ಇಟ್ಟು ಬಂದ.

ಇಮಾಮಹುಸೇನ ಪೆಟ್ಟಿಗೆಯನ್ನು ತೊಳೆದು ಒರೆಸಿ, ಹೊಸ ಫಿಲ್ಟರು ಹಾಕಿ, ಕೊಳವೆಯ ಬಾಯಿಗೆ ತಂತಿಯ ಜಾಳಿಗೆ ಬಿಗಿದ. ಸ್ಕೂಟರನ್ನು ಅಲ್ಲಿಯೇ ಬಿಟ್ಟು ಕುಮಾರಸ್ವಾಮಿ ತಂದೆಯ ಎಡಗಡೆ ಕುಳಿತ. ಕಾರು ಧಾರವಾಡದ ಕಡೆಗೆ ಹೊರಟಿತು.

ನವಲೂರಿನ ಏರಿನ ಬುಡಕ್ಕೆ ಬಂದಾಗ ಮುರುಗೆಪ್ಪನವರ ಪಾದ ಕ್ಷಣಕಾಲ ತಡೆಯಿತು. ಆಮೇಲೆ ಒತ್ತಿದರು. ಕಾರು ಎದೆ ತುಂಬ ಗಾಳಿ ಸೆಳೆದುಕೊಂಡು, ಬೆನ್ನನ್ನು ಸೀಟಿಗೆ ಒರಗಿಸುವಂತೆ ಮೇಲಕ್ಕೆ ಚಿಮ್ಮಿತು. ಒಂದು ಬಸ್ಸು ಹಿಂದುಳಿಯಿತು, ಒಂದು ಲಾರಿ ಹಿಂದುಳಿಯಿತು. ಕುಮಾರಸ್ವಾಮಿ ಬಾಗಿಲ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೊಳೆಯಪ್ಪಗ ಬರಬ್ಯಾಡ ಅಂತ ಹೇಳ್ತೇನ್ರಿ ಅಪ್ಪಾಜಿ," ಎಂದ. "ಆದ್ರ ಸ್ವಲ್ಪ ಸಾವಕಾಶ ಹೊಡೀರಿ."

ಮುರುಗೆಪ್ಪನವರು ಪಾದವನ್ನು ತುಸುವೇ ಸಡಿಲಿಸಿದರು.